ಡೆಂಗಿ ಲೆಕ್ಕಕ್ಕೆ 'ತಡ' ಸೇರಿಸಬೇಕಾ, ಬೇಡವಾ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂ.ಎಸ್ಸಿ. ಗಣಿತ ಕೊನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಡೆಂಗಿ ಹರಡುವ ಬಗೆಯ ಮಾದರಿ ತೆಗೆದುಕೊಂಡಿದ್ದೇನೆ. ಮನುಷ್ಯರಿಗೆ ಮಾಮೂಲಿ ಎಸ್‌ಐಆರ್: ಸೋಂಕು ತಗಲಬಹುದಾದವರು, ಸೋಂಕಿತರು, ಗುಣವಾದವರು. ಸೊಳ್ಳೆಗೆ ಇನ್ನೆರಡು ಸಮೀಕರಣ. ತೊಂದರೆ ಏನೆಂದರೆ, ಮಳೆ ಶುರುವಾದ ಸ್ವಲ್ಪ ದಿನಕ್ಕೇ ಜ್ವರ ಏರಿ ತುದಿ ಮುಟ್ಟುತ್ತದೆ ಅಂತ ನನ್ನ ಗ್ರಾಫ್ ತೋರಿಸುತ್ತಿದೆ. ನಮ್ಮ ಊರಲ್ಲಿ ಹಾಗಾಗುವುದಿಲ್ಲ. ಮಳೆ ಹಿಡಿದು ಎಷ್ಟೋ ವಾರ ಆದಮೇಲೆ ಆಸ್ಪತ್ರೆ ತುಂಬುತ್ತದೆ.

ಗೈಡ್ ಮೇಡಂ 'ಡಿಲೇ ಸೇರಿಸು' ಅಂದರು. ಸೀನಿಯರ್ ಒಬ್ಬರು 'ಸುಮ್ನೆ ತಲೆನೋವು, ನಡುವೆ ಒಂದು ಇ ಡಬ್ಬಿ ಹಾಕಿ ಎಸ್‌ಇಐಆರ್ ಮಾಡು, ಸಾಕು' ಅನ್ನುತ್ತಾರೆ. ಇ ಅಂದರೆ ಸೋಂಕು ತಗಲಿದ್ದರೂ ಇನ್ನೂ ಹಂಚಲು ಶುರು ಮಾಡದವರ ಗುಂಪು. ಡಿಲೇ ಹಾಕಿಯೂ ನೋಡಿದೆ. ಇ ಡಬ್ಬಿಯ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಗುತ್ತಿದೆ! ಜನ ಮೈನಸ್ ಆಗುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಗಣಿತಮೇಷ್ಟ್ರು_ಚಿಕ್ಕಮಗಳೂರು
ನಿಮ್ಮ ಮೇಡಂ ಹೇಳಿದ್ದು ಸರಿ ಕಣಮ್ಮ. ಡೆಂಗಿಯಲ್ಲಿ ತಡವನ್ನು ಬಿಟ್ಟರೆ ಉಳಿಯುವುದೇ ಕಡಿಮೆ.

ಒಂದೊಂದಾಗಿ ಕೂಡಿಸಿ ನೋಡಿ. ಮಳೆ ನೀರು ನಿಂತ ಮೇಲೆ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ಆ ಸೊಳ್ಳೆ ಸೋಂಕಿತನನ್ನು ಕಚ್ಚಿದ ತಕ್ಷಣ ಇನ್ನೊಬ್ಬರಿಗೆ ರೋಗ ಹಂಚುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ತಲುಪಬೇಕು. ಅದಕ್ಕೆ ಹವೆ ನೋಡಿಕೊಂಡು ಒಂದರಿಂದ ಎರಡು ವಾರ. ಆಮೇಲೆ ಮನುಷ್ಯನಿಗೆ ಕಚ್ಚಿದರೆ ಜ್ವರ ಬರಲು ಸಾಮಾನ್ಯವಾಗಿ ಐದರಿಂದ ಏಳು ದಿನ. ಜ್ವರ ಬಂದವನು ಎರಡು ಮೂರು ದಿನ ಮನೆಯಲ್ಲೇ ಮಾತ್ರೆ ನುಂಗಿ ನೋಡುತ್ತಾನೆ. ಎಲ್ಲ ಸೇರಿ ಒಂದು ತಿಂಗಳ ಹತ್ತಿರ ಹತ್ತಿರ ಆಯಿತು. ಇದು ಮೊದಲ ಸುತ್ತು ಮಾತ್ರ. ಮನುಷ್ಯ, ಸೊಳ್ಳೆ, ಮತ್ತೆ ಮನುಷ್ಯ: ಹೀಗೆ ಒಂದೊಂದು ಸುತ್ತಿಗೆ ಎರಡು ಮೂರು ವಾರ. ಇಂಥ ಕೆಲವು ಸುತ್ತು ತಿರುಗಿದ ಮೇಲೇ ತುದಿ ಬರುವುದು.

ನಿಮ್ಮ ಸಮೀಕರಣದಲ್ಲಿ ಇವತ್ತು ಸೋಂಕಿತನನ್ನು ಕಚ್ಚಿದ ಸೊಳ್ಳೆ ಇವತ್ತೇ ರೋಗ ಹಂಚುತ್ತಿದೆ. ಅದಕ್ಕೇ ತುದಿ ಬೇಗ ಬರುತ್ತಿದೆ.

ಸಕಲೇಶಪುರ_ಘಾಟಿ
ಸೂತ್ರ ಬರೆದರೆ ಸೊಳ್ಳೆ ಸಾಯುತ್ತದಾ ಸಾರ್? ನಮ್ಮ ಬೀದಿಯಲ್ಲಿ ಚರಂಡಿ ತೆಗೆಸಿ, ಅಷ್ಟು ಸಾಕು.

ಗಣಿತಮೇಷ್ಟ್ರು_ಚಿಕ್ಕಮಗಳೂರು
ಸೊಳ್ಳೆ ಸಾಯಬೇಕಾದರೆ ಯಾವ ದಿನ ಕೆಲಸ ಶುರು ಮಾಡಬೇಕು ಅಂತ ಗೊತ್ತಿರಬೇಕು. ಅದನ್ನು ಹೇಳುವುದೇ ಈ ಲೆಕ್ಕ. ಇನ್ನೊಂದು ಮಾತು. ಡೆಂಗಿ ಸೊಳ್ಳೆ ಚರಂಡಿಯದ್ದಲ್ಲ. ಅದು ಬೆಳೆಯುವುದು ಮನೆ ಸುತ್ತಲಿನ ತಿಳಿನೀರಿನಲ್ಲಿ. ಡ್ರಮ್ಮು, ಸಿಂಟೆಕ್ಸ್, ಹಳೇ ಟೈರು, ಫ್ರಿಜ್ ಹಿಂದಿನ ತಟ್ಟೆ.

ಸಕಲೇಶಪುರ_ಘಾಟಿ
ಅದನ್ನು ಒಪ್ಪುತ್ತೇನೆ. ಆದರೂ ಜನಕ್ಕೆ ಬೇಕಾದದ್ದು ಕೆಲಸ, ಗ್ರಾಫ್ ಅಲ್ಲ.

ಲ್ಯಾಬ್_ಸಿಸ್ಟರ್
ನಾನು ರಕ್ತ ಪರೀಕ್ಷೆಯ ಕಡೆಯವಳು. ಮೇಷ್ಟ್ರು ಒಂದು ತಡ ಬಿಟ್ಟರು, ಅದನ್ನು ಸೇರಿಸುತ್ತೇನೆ.

ಜ್ವರ ಬಂದ ಮೊದಲ ನಾಲ್ಕೈದು ದಿನ ಎನ್‌ಎಸ್1 ಅನ್ನುವ ವೈರಸ್ ಪ್ರೋಟೀನ್ ರಕ್ತದಲ್ಲಿ ಸಿಗುತ್ತದೆ. ಆಮೇಲೆ ದೇಹ ಮಾಡುವ ಐಜಿಎಂ ಪ್ರತಿಕಾಯ ನೋಡಬೇಕು. ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೂ ಅದು ಖಚಿತ ಪ್ರಕರಣ ಅಂತ ಸರ್ಕಾರಿ ಲೆಕ್ಕಕ್ಕೆ ಹೋಗುವುದಿಲ್ಲ, ಎಲಿಸಾ ಅನ್ನುವ ಲ್ಯಾಬ್ ಪರೀಕ್ಷೆ ಆಗಬೇಕು. ಎಲಿಸಾ ತಟ್ಟೆಯಲ್ಲಿ 96 ಗುಂಡಿ ಇರುತ್ತವೆ. ನಾಲ್ಕು ಸ್ಯಾಂಪಲ್ ಬಂತು ಅಂತ ತಟ್ಟೆ ಹಾಕಲು ಆಗುವುದಿಲ್ಲ, ಸ್ವಲ್ಪ ಸೇರಬೇಕು. ತಾಲ್ಲೂಕಿನಿಂದ ಸ್ಯಾಂಪಲ್ ಬರುವುದಕ್ಕೂ ಸಮಯ ಬೇಕು. ಹಾಗಾಗಿ ಪೇಪರಿನಲ್ಲಿ 'ಇಂದು ಇಷ್ಟು ಪ್ರಕರಣ' ಅಂತ ಬರುವುದು ಇವತ್ತಿನ ಸೋಂಕಲ್ಲ. ಅವರಿಗೆ ಸೊಳ್ಳೆ ಕಚ್ಚಿ ಎರಡು ವಾರ ಆಗಿರಬಹುದು.

ಹೇಮಾವತಿ_ದಡ ಅವರೇ, ನಿಮ್ಮ ಹತ್ತಿರ ಇರುವ ಅಂಕಿಯಲ್ಲಿ ದಿನಾಂಕ ಯಾವುದು? ಜ್ವರ ಶುರುವಾದ ದಿನವಾ, ಸ್ಯಾಂಪಲ್ ತೆಗೆದ ದಿನವಾ, ರಿಪೋರ್ಟ್ ಬಂದ ದಿನವಾ? ಅದನ್ನು ಮೊದಲು ಕೇಳಿಕೊಳ್ಳಿ. ಮೂರೂ ಬೇರೆ ಬೇರೆ.

ಹೇಮಾವತಿ_ದಡ
ಪತ್ರಿಕಾ ಪ್ರಕಟಣೆಯಿಂದ ತೆಗೆದದ್ದು ಅಕ್ಕ. ಅಂದರೆ ರಿಪೋರ್ಟ್ ಆದ ದಿನ.

ಲ್ಯಾಬ್_ಸಿಸ್ಟರ್
ಹಾಗಾದರೆ ಕೊನೆಯ ವಾರದ ಸಂಖ್ಯೆ ನೋಡಿ 'ಇಳಿಯುತ್ತಿದೆ' ಅಂತ ಮಾತ್ರ ಬರೆಯಬೇಡಿ. ಅದು ಹಳೆಯ ಸೋಂಕಿನ ಲೆಕ್ಕ. ಜ್ವರ ಶುರುವಾದ ದಿನಕ್ಕೆ ಹಾಕಿ ಗ್ರಾಫ್ ಮಾಡಿದರೂ ಕೊನೆಯ ದಿನಗಳು ಯಾವಾಗಲೂ ಇಳಿದಂತೆಯೇ ಕಾಣುತ್ತವೆ, ಯಾಕೆಂದರೆ ಅವರ ರಿಪೋರ್ಟ್ ಇನ್ನೂ ಬಂದಿರುವುದಿಲ್ಲ. ಕೋವಿಡ್ ಸಮಯದಲ್ಲಿ ಈ ಇಳಿಕೆ ನೋಡಿ ಎಷ್ಟು ಜನ ಮಾಸ್ಕ್ ತೆಗೆದರು! ನನಗೆ ಈಗಲೂ ಅದು ನೆನಪಾದರೆ ಸಂಕಟ ಆಗುತ್ತದೆ.

ಬೇಲೂರು_ಹುಡುಗ
ನಾನು ಡೇಟಾ ಕೆಲಸದವನು, ಈಗ ಬೆಂಗಳೂರಲ್ಲಿ ಇದ್ದೇನೆ. ಸೀನಿಯರ್ ಹೇಳಿದ್ದು ತಪ್ಪಲ್ಲ ಅನ್ನಿಸುತ್ತದೆ. ಎಸ್‌ಇಐಆರ್‌ನಲ್ಲಿ ಇ ಡಬ್ಬಿ ಇರುವುದೇ ತಡಕ್ಕೋಸ್ಕರ. ಸರಾಸರಿ ಐದು ದಿನ ಅಂತ ಕೊಟ್ಟರೆ ಐದು ದಿನ ಕಾಯಿಸುತ್ತದೆ. ಆರ್‌ನಾಟ್ (ಒಬ್ಬ ಸೋಂಕಿತನಿಂದ ಸರಾಸರಿ ಎಷ್ಟು ಜನರಿಗೆ ಹರಡುತ್ತದೆ ಅನ್ನುವ ಸಂಖ್ಯೆ) ಕೂಡ ಬದಲಾಗುವುದಿಲ್ಲ. ಮತ್ತೆ ಡಿಲೇ ಸಮೀಕರಣ ಯಾಕೆ?

ಗಣಿತಮೇಷ್ಟ್ರು_ಚಿಕ್ಕಮಗಳೂರು
ಇಲ್ಲ ತಮ್ಮ, ಎರಡು ಕಡೆ ತಕರಾರಿದೆ.

ಮೊದಲನೆಯದು. ಇ ಡಬ್ಬಿ ಎಲ್ಲರನ್ನೂ ಐದು ದಿನ ಕಾಯಿಸುವುದಿಲ್ಲ. ದಿನವೂ ಒಂದು ಪಾಲನ್ನು ಹೊರಗೆ ಬಿಡುತ್ತಾ ಹೋಗುತ್ತದೆ. ಸರಾಸರಿ ಐದು ದಿನ ಅಂದರೆ ಮೊದಲ ದಿನವೇ ನೂರಕ್ಕೆ 18 ಜನ ಹೊರಗೆ ಬಂದು ರೋಗ ಹಂಚಲು ಶುರು ಮಾಡುತ್ತಾರೆ. ಯಾವ ವೈರಸ್ಸೂ ಹಾಗೆ ಕೆಲಸ ಮಾಡುವುದಿಲ್ಲ. ಇದರ ಪರಿಣಾಮ ಚಿಕ್ಕದಲ್ಲ. ಒಬ್ಬರಿಂದ ಇಬ್ಬರಿಗೆ, ಸುತ್ತಿಗೆ ಐದು ದಿನ ಅಂತ ಇಟ್ಟುಕೊಳ್ಳಿ. ಸುತ್ತು ಸರಿಯಾಗಿ ಐದೇ ದಿನ ಆದರೆ ಸಂಖ್ಯೆ ಐದು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅದೇ ಸರಾಸರಿ ಐದು ದಿನವನ್ನು ಹೀಗೆ ದಿನವೂ ಸೋರುವ ಡಬ್ಬಿಯಿಂದ ಕೊಟ್ಟರೆ ಮೂರೂವರೆ ದಿನಕ್ಕೇ ದುಪ್ಪಟ್ಟು. ಆರ್‌ನಾಟ್ ಒಂದೇ, ಸರಾಸರಿ ಒಂದೇ, ಓಟ ಮಾತ್ರ ಬೇರೆ.

ಈಗ ತಿರುಗಿಸಿ ನೋಡಿ. ಊರಲ್ಲಿ ಐದು ದಿನಕ್ಕೆ ದುಪ್ಪಟ್ಟು ಆಗುತ್ತಿದೆ ಅಂತ ಗೊತ್ತಿದೆ, ಅದರಿಂದ ಆರ್‌ನಾಟ್ ತೆಗೆಯಬೇಕು. ಸೋರುವ ಡಬ್ಬಿಯ ಲೆಕ್ಕ 1.69 ಅನ್ನುತ್ತದೆ. ಖಚಿತ ತಡದ ಲೆಕ್ಕ 2 ಅನ್ನುತ್ತದೆ. ಲಸಿಕೆ ಎಷ್ಟು ಜನಕ್ಕೆ ಬೇಕು ಅಂದರೆ ಒಂದು ಕಡೆ ನೂರಕ್ಕೆ 41, ಇನ್ನೊಂದು ಕಡೆ 50. ಇಷ್ಟು ವ್ಯತ್ಯಾಸ ಬರುವ ಕಡೆ 'ಸಾಕು' ಅನ್ನಲು ಆಗುವುದಿಲ್ಲ, ಅಲ್ವಾ?

ಎರಡನೆಯದು ಸೊಳ್ಳೆ. ಮನುಷ್ಯರಲ್ಲಿ ಐದಾರು ದಿನದ ತಡ ಆರ್‌ನಾಟ್ ಬದಲಿಸುವುದಿಲ್ಲ, ಅಷ್ಟರಲ್ಲಿ ಯಾರೂ ಸಾಯುವುದಿಲ್ಲವಲ್ಲ. ಸೊಳ್ಳೆ ಹಾಗಲ್ಲ. ದಿನಕ್ಕೆ ನೂರರಲ್ಲಿ ಹತ್ತು ಸಾಯುತ್ತವೆ ಅಂದುಕೊಳ್ಳಿ. ಹದಿನೈದು ದಿನ ಕಾಯಬೇಕಾದರೆ ನೂರರಲ್ಲಿ ಉಳಿಯುವುದು 20 ಮಾತ್ರ. ಆರೂವರೆ ದಿನ ಸಾಕಾದರೆ ಸುಮಾರು 50 ಉಳಿಯುತ್ತವೆ. ಈ ಎರಡು ಅವಧಿ ನಾನು ಸುಮ್ನೆ ತೆಗೆದದ್ದಲ್ಲ. ಡೆಂಗಿ ವೈರಸ್ ಸೊಳ್ಳೆಯೊಳಗೆ ಹಣ್ಣಾಗಲು 25 ಡಿಗ್ರಿಯಲ್ಲಿ ಸರಾಸರಿ ಹದಿನೈದು ದಿನ, 30 ಡಿಗ್ರಿಯಲ್ಲಿ ಆರೂವರೆ ದಿನ ಅಂತ ಅಂದಾಜಿದೆ. ಐದು ಡಿಗ್ರಿ ಸೆಖೆ ಜಾಸ್ತಿಯಾದರೆ, ಸೊಳ್ಳೆ ಒಂದೂ ಹೆಚ್ಚದೆ, ರೋಗ ಹಂಚುವ ಸೊಳ್ಳೆ ಎರಡೂವರೆ ಪಟ್ಟು ಆಗುತ್ತದೆ!

ಬೇಲೂರು_ಹುಡುಗ
ಸೊಳ್ಳೆಯ ವಿಷಯ ಒಪ್ಪಿದೆ ಸಾರ್. ಮೊದಲನೆಯದಕ್ಕೆ ಮಾತ್ರ ಒಂದು ಮಾತು. ಖಚಿತ ತಡವೂ ನಿಜವಲ್ಲ. ಎಲ್ಲರಿಗೂ ಸರಿಯಾಗಿ ಐದನೇ ದಿನ ಜ್ವರ ಬರುತ್ತದಾ? ನಾಲ್ಕರಿಂದ ಹತ್ತರವರೆಗೆ ಹರಡಿಕೊಂಡಿರುತ್ತದೆ. ಹಾಗಾಗಿ ಇ ಡಬ್ಬಿಯನ್ನೇ ನಾಲ್ಕೈದು ಚಿಕ್ಕ ಡಬ್ಬಿ ಮಾಡಿ ಸಾಲಾಗಿ ಜೋಡಿಸಿದರೆ ನಡುವಿನ ದಾರಿ ಸಿಗುತ್ತದೆ. ಡಬ್ಬಿ ಹೆಚ್ಚಿಸಿದಷ್ಟೂ ಖಚಿತ ತಡಕ್ಕೆ ಹತ್ತಿರ ಹೋಗುತ್ತದೆ. ಸಮೀಕರಣ ಬಿಡಿಸುವ ಸಾಮಾನ್ಯ ಸಾಲ್ವರ್‌ನಲ್ಲೇ ಓಡುತ್ತದೆ.

ಗಣಿತಮೇಷ್ಟ್ರು_ಚಿಕ್ಕಮಗಳೂರು
ಅದು ಒಳ್ಳೆಯ ದಾರಿ. ಹೇಮಾವತಿ_ದಡ, ಎರಡೂ ಮಾಡಿ ಒಂದೇ ಚಿತ್ರದಲ್ಲಿ ಹಾಕಿ. ಪ್ರಾಜೆಕ್ಟಿನ ಒಂದು ಅಧ್ಯಾಯ ಅಲ್ಲೇ ಆಗುತ್ತದೆ.

ಮೂಡಿಗೆರೆ_ತೋಟಗಾರಿಕೆ
ತೋಟಗಾರಿಕೆ ಓದುವವನು ನಾನು. ಈ ಮಾತು ನಮ್ಮ ಕಡೆಯೂ ಇದೆ. ಗಿಡದ ರೋಗಕ್ಕೆ ದಕ್ಷಿಣ ಆಫ್ರಿಕಾದ ವ್ಯಾನ್ ಡರ್ ಪ್ಲಾಂಕ್ 1963ರಲ್ಲೇ ತಡ ಇರುವ ಸಮೀಕರಣ ಕೊಟ್ಟಿದ್ದಾರೆ. ಇವತ್ತು ಎಲೆಗೆ ಬಿದ್ದ ಬೀಜಕಣ ಇವತ್ತೇ ಹೊಸ ಬೀಜಕಣ ಹುಟ್ಟಿಸುವುದಿಲ್ಲ. ಸುಪ್ತ ಕಾಲ ಕಳೆಯಬೇಕು. ಆಮೇಲೆ ಕೆಲವು ದಿನ ಹುಟ್ಟಿಸಿ ಆ ಚುಕ್ಕೆ ಸುಮ್ಮನಾಗುತ್ತದೆ. ಕಾಫಿಯ ಎಲೆ ತುಕ್ಕಿಗೆ ಈ ಸುಪ್ತ ಕಾಲ ವಾರಗಟ್ಟಲೆ. ಚಳಿಯಲ್ಲಿ ಇನ್ನೂ ಉದ್ದ.

ಕೊಪ್ಪದ_ಅಡಿಕೆ
ಅಡಿಕೆ ಬೆಳೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆ ರೋಗ ಕಂಡ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಏನೂ ಪ್ರಯೋಜನವಿಲ್ಲ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಾಯಿ ಉದುರಿದ್ದು ನೋಡಿ ಗೊನೆಗಾರನನ್ನು ಹುಡುಕಲು ಹೋದವನ ತೋಟ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಜ್ವರಕ್ಕೆ ಮಾತ್ರ ಯಾಕೆ ಎಲ್ಲರೂ ಜ್ವರ ಬರುವವರೆಗೆ ಕಾಯುತ್ತಾರೆ?

ಅರಸೀಕೆರೆ_ತೆಂಗು
ಈ ಸಲ ಗೊನೆಗಾರರ ಕೂಲಿ ಎಷ್ಟಿದೆ ನಿಮ್ಮ ಕಡೆ? ನಮ್ಮಲ್ಲಿ ತೆಂಗಿನ ಮರ ಹತ್ತುವವರೇ ಇಲ್ಲ.

ಕೊಪ್ಪದ_ಅಡಿಕೆ
ಕೇಳಬೇಡಿ. ಜನವೇ ಸಿಗುವುದಿಲ್ಲ. ದೋಟಿಯಲ್ಲಿ ಹೊಡೆಯುತ್ತಿದ್ದೇವೆ.

ಆಶಾ_ಆಲೂರು
ನಾನು ಆಶಾ ಕಾರ್ಯಕರ್ತೆ. ಗಣಿತ ನನಗೆ ಅಷ್ಟು ತಿಳಿಯುವುದಿಲ್ಲ. ಆದರೆ ಕೊಪ್ಪದವರ ಮಾತು ಮನಸ್ಸಿಗೆ ತಟ್ಟಿತು. ಲಾರ್ವಾ ಸರ್ವೆಗೆ ಮನೆ ಮನೆಗೆ ಹೋದರೆ 'ನಮ್ಮ ಬೀದಿಯಲ್ಲಿ ಯಾರಿಗೂ ಜ್ವರ ಇಲ್ಲವಲ್ಲ, ಯಾಕೆ ಡ್ರಮ್ ಚೆಲ್ಲಿಸುತ್ತೀರಿ' ಅಂತ ಜಗಳಕ್ಕೇ ಬರುತ್ತಾರೆ. ಬೇಸಿಗೆಯಲ್ಲಿ ಕಷ್ಟಪಟ್ಟು ಹಿಡಿದಿಟ್ಟ ನೀರು, ಅವರ ಸಿಟ್ಟೂ ತಪ್ಪಲ್ಲ. ಜ್ವರ ಬಂದ ಮೇಲೆ ಅದೇ ಜನ 'ಹೊಗೆ ಹೊಡೆಸಿ, ಹೊಗೆ ಹೊಡೆಸಿ' ಅಂತ ಫೋನ್ ಮಾಡುತ್ತಾರೆ. ವಾರಕ್ಕೊಂದು ಸಲ ನೀರು ಚೆಲ್ಲಿ, ಡ್ರಮ್ ತಿಕ್ಕಿ ಒಣಗಿಸಿ ಅಂತ ನಾವು ಹೇಳುತ್ತೇವಲ್ಲ, ಆ ವಾರ ಎಲ್ಲಿಂದ ಬಂತು ಮೇಷ್ಟ್ರೇ?

ಗಣಿತಮೇಷ್ಟ್ರು_ಚಿಕ್ಕಮಗಳೂರು
ಅದೂ ತಡದಿಂದಲೇ ಬಂದದ್ದು ಅಕ್ಕ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಅಂದೆನಲ್ಲ. ಏಳು ದಿನಕ್ಕೊಮ್ಮೆ ಚೆಲ್ಲಿದರೆ ಹುಳ ರೆಕ್ಕೆ ಬರುವ ಮುಂಚೆಯೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಚೆಲ್ಲಿದರೆ ನಡುವೆ ಒಂದು ತಂಡ ಹಾರಿ ಹೋಗಿರುತ್ತದೆ. ನೀವು ತಿಕ್ಕಿ ಅಂತ ಹೇಳುವುದೂ ಸರಿ. ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಸಕಲೇಶಪುರ_ಘಾಟಿ
ಹೊಗೆಯಿಂದ ಏನೂ ಆಗುವುದಿಲ್ಲ ಅಂತಲಾ? ನಮ್ಮ ವಾರ್ಡಿನಲ್ಲಿ ಹೊಡೆದ ಮೇಲೆ ಕಡಿಮೆ ಆಯಿತು. ಕಣ್ಣಾರೆ ಕಂಡಿದ್ದೇನೆ.

ಬೇಲೂರು_ಹುಡುಗ
ಎಷ್ಟು ದಿನಕ್ಕೆ ಕಡಿಮೆ ಆಯಿತು ಅಣ್ಣ?

ಸಕಲೇಶಪುರ_ಘಾಟಿ
ಮೂರು ನಾಲ್ಕು ದಿನ ಇರಬಹುದು.

ಬೇಲೂರು_ಹುಡುಗ
ಹಾಗಾದರೆ ಅದು ಹೊಗೆಯಿಂದ ಆಗಿರಲಾರದು. ಸಿಸ್ಟರ್ ಹೇಳಿದ ತಡ ಹಿಡಿಯಿರಿ. ಕಚ್ಚಿದ ದಿನದಿಂದ ಲೆಕ್ಕಕ್ಕೆ ಬರುವವರೆಗೆ ಎರಡು ವಾರ. ಇವತ್ತು ಎಲ್ಲ ಸೊಳ್ಳೆ ಸತ್ತರೂ, ಆಗಲೇ ಕಚ್ಚಿಸಿಕೊಂಡವರ ಜ್ವರ ಇನ್ನೂ ಎರಡು ವಾರ ಲೆಕ್ಕಕ್ಕೆ ಬರುತ್ತಲೇ ಇರುತ್ತದೆ. ಮೂರೇ ದಿನಕ್ಕೆ ಇಳಿಯಿತು ಅಂದರೆ ಹೊಗೆಗೆ ಮುಂಚೆಯೇ ಸೋಂಕು ಇಳಿಯಲು ಶುರುವಾಗಿತ್ತು ಅಂತ ಅರ್ಥ. ಇದರ ಉಲ್ಟಾ ಕೂಡ ಆಗುತ್ತದೆ. ಸರಿಯಾದ ಸಮಯಕ್ಕೆ ಕೆಲಸ ಮಾಡಿದ ಕಡೆ ಎರಡು ವಾರ ಸಂಖ್ಯೆ ಏರುತ್ತಲೇ ಇದ್ದು, 'ಏನೂ ಉಪಯೋಗ ಆಗಲಿಲ್ಲ' ಅಂತ ಬೈಸಿಕೊಳ್ಳುತ್ತಾರೆ.

ಇನ್ನೊಂದು. ವಾರಕ್ಕೆ ದುಪ್ಪಟ್ಟು ಆಗುತ್ತಿದ್ದು ತಡ ಎರಡು ವಾರ ಇದ್ದರೆ, ಪೇಪರಿನಲ್ಲಿ 50 ಅಂತ ಕಂಡ ದಿನ ಊರಲ್ಲಿ ಹೊಸದಾಗಿ ಸೋಂಕು ತಗಲುತ್ತಿರುವವರು 200.

ಸಕಲೇಶಪುರ_ಘಾಟಿ
ಈ ಲೆಕ್ಕವನ್ನು ವಾರ್ಡ್ ಸಭೆಯಲ್ಲಿ ಯಾರಾದರೂ ಹೇಳಬೇಕಿತ್ತು. ಇದು ಅರ್ಥವಾಯಿತು.

ಲ್ಯಾಬ್_ಸಿಸ್ಟರ್
ಹೊಗೆ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನೀರಿನ ಹುಳವನ್ನಲ್ಲ. ಅದನ್ನೂ ನೆನಪಿಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡ ಅಂತ ನಿಯಮ ತಂದಿತು. ಬಂದದ್ದು ಸೆಪ್ಟೆಂಬರ್‌ನಲ್ಲಿ. ಮೇ ತಿಂಗಳಲ್ಲೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಹೇಮಾವತಿ_ದಡ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಆ ಮೈನಸ್ ವಿಷಯ?

ಬೇಲೂರು_ಹುಡುಗ
ಆರಂಭದ ಬೆಲೆ ಹೇಗೆ ಕೊಟ್ಟಿದ್ದೀರಿ?

ಹೇಮಾವತಿ_ದಡ
ಸೊನ್ನೆಯ ದಿನಕ್ಕೆ ಸೋಂಕಿತರು 10, ಇ ಸೊನ್ನೆ. ಹಿಂದಿನ ದಿನಗಳಿಗೂ ಸೋಂಕಿತರು 10 ಅಂತಲೇ ಕೊಟ್ಟೆ.

ಬೇಲೂರು_ಹುಡುಗ
ಸಿಕ್ಕಿತು. ಡಿಲೇ ಸಮೀಕರಣಕ್ಕೆ ಒಂದು ದಿನದ ಬೆಲೆ ಸಾಲದು. ತಡ ಎಷ್ಟು ದಿನವೋ ಅಷ್ಟು ದಿನದ ಪೂರ್ತಿ ಇತಿಹಾಸ ಬೇಕು. ನೀವು ಕೊಟ್ಟ ಇತಿಹಾಸದ ಪ್ರಕಾರ ಹಿಂದಿನ ಐದು ದಿನವೂ ಸೋಂಕು ತಗಲುತ್ತಿತ್ತು. ಅಂದರೆ ಸೊನ್ನೆಯ ದಿನ ಇ ಡಬ್ಬಿಯಲ್ಲಿ ಆ ಐದು ದಿನದ ಜನ ಇರಲೇಬೇಕು. ನೀವು ಖಾಲಿ ಅಂದಿದ್ದೀರಿ. ಸಮೀಕರಣ ಖಾಲಿ ಡಬ್ಬಿಯಿಂದ ಜನರನ್ನು ಹೊರಗೆ ತೆಗೆಯುತ್ತಿದೆ, ಅದಕ್ಕೇ ಮೈನಸ್. ಎರಡು ದಾರಿ ಇದೆ. ಹಿಂದಿನ ದಿನಗಳ ಹೊಸ ಸೋಂಕನ್ನೆಲ್ಲ ಕೂಡಿಸಿ ಇ ಆರಂಭದ ಬೆಲೆ ಮಾಡಿ. ಇಲ್ಲವೇ ಇತಿಹಾಸದಲ್ಲಿ ಸೋಂಕಿತರು ಸೊನ್ನೆ ಅಂತಿಟ್ಟು, ಸೊನ್ನೆಯ ದಿನ 10 ಜನ ಹೊರಗಿನಿಂದ ಬಂದರು ಅನ್ನಿ. ಮ್ಯಾಟ್‌ಲ್ಯಾಬ್ ಇದ್ದರೆ ಅದರಲ್ಲಿ ಡಿಲೇ ಸಮೀಕರಣ ಬಿಡಿಸುವ ಡಿಡಿಇ23 ಬಳಸಿ. ಬರಿ ಎಕ್ಸೆಲ್‌ನಲ್ಲೂ ಆಗುತ್ತದೆ. ದಿನಕ್ಕೊಂದು ಸಾಲು, ಐದು ಸಾಲು ಮೇಲಿನದನ್ನು ತೆಗೆದುಕೊಳ್ಳಿ, ಅಷ್ಟೇ.

ಗಣಿತಮೇಷ್ಟ್ರು_ಚಿಕ್ಕಮಗಳೂರು
ಸೊಳ್ಳೆಯ ಸಾಲಿನಲ್ಲಿ ಬದುಕುಳಿಯುವ ಪಾಲಿನಿಂದ ಗುಣಿಸಲು ಮರೆಯಬೇಡಿ. ಇಲ್ಲದಿದ್ದರೆ ಸತ್ತ ಸೊಳ್ಳೆಗಳೂ ಎದ್ದು ಬಂದು ಕಚ್ಚುತ್ತವೆ.

ಪ್ರಾಜೆಕ್ಟಿನ ಮುನ್ನುಡಿಗೆ ಸ್ವಲ್ಪ ಹಳೆಯ ಕಥೆ. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಆಮೇಲೆ ಅದಕ್ಕೆ ಸಮೀಕರಣ ಬರೆದವರೂ ಅವರೇ. 1923ರಲ್ಲಿ ಶಾರ್ಪ್ ಮತ್ತು ಲೋಟ್ಕಾ ಅದಕ್ಕೆ ಸುಪ್ತ ಕಾಲದ ತಡ ಸೇರಿಸಿದರು. 1950ರ ದಶಕದಲ್ಲಿ ಮ್ಯಾಕ್‌ಡೊನಾಲ್ಡ್ ಈ 'ಅಷ್ಟು ದಿನ ಬದುಕಿರಬೇಕಲ್ಲ' ಅನ್ನುವ ಅಂಶವನ್ನು ಮುಂದೆ ತಂದರು. ಹಾರುವ ಸೊಳ್ಳೆಯ ಆಯಸ್ಸು ಕಡಿಮೆ ಮಾಡುವುದು ಯಾಕೆ ಅಷ್ಟು ಫಲ ಕೊಡುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ.

ಎಸ್‌ಐಆರ್ ಕಥೆ ಇನ್ನೂ ಚೆನ್ನಾಗಿದೆ. ಕರ್ಮಾಕ್, ಮೆಕೆಂಡ್ರಿಕ್ 1927ರಲ್ಲಿ ಬರೆದದ್ದು. ಮೆಕೆಂಡ್ರಿಕ್ ನಮ್ಮ ದೇಶದಲ್ಲಿ, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅವರು ಸೂತ್ರವನ್ನು ಹೋಲಿಸಿ ನೋಡಿದ್ದು 1905-06ರ ಮುಂಬಯಿ ಪ್ಲೇಗಿನ ಸಾವಿನ ಅಂಕಿಗೆ. ಆ ಪ್ರಬಂಧದ ಮೂಲ ಮಾದರಿಯಲ್ಲಿ ಸೋಂಕು ತಗಲಿ ಎಷ್ಟು ದಿನ ಆಯಿತು ಅನ್ನುವುದಕ್ಕೆ ಜಾಗ ಇತ್ತು. ನಾವು ತರಗತಿಯಲ್ಲಿ ಕಲಿಸುವ ಮೂರು ಡಬ್ಬಿ ಅದರ ಒಂದು ಸರಳ ರೂಪ ಮಾತ್ರ. ತಡವನ್ನು ಸೇರಿಸುವುದು ಹೊಸ ಕಸರತ್ತಲ್ಲ. ನಾವೇ ನಡುವೆ ಬಿಟ್ಟುಬಿಟ್ಟೆವು.

ಕೊಪ್ಪದ_ಅಡಿಕೆ
ಮಂಗನ ಕಾಯಿಲೆಗೆ ಇದೇ ಲೆಕ್ಕ ಮಾಡಬಹುದಾ? ನಮ್ಮ ಕಡೆ, ಎನ್.ಆರ್.ಪುರ, ಶೃಂಗೇರಿ ಕಡೆ ಡೆಂಗಿಗಿಂತ ಅದರ ಭಯ ಜಾಸ್ತಿ. ದರಗಿಗೆ, ಸೊಪ್ಪಿಗೆ ಕಾಡಿಗೆ ಹೋಗದೆ ನಡೆಯುವುದಿಲ್ಲ.

ಮೂಡಿಗೆರೆ_ತೋಟಗಾರಿಕೆ
ಅಲ್ಲಿ ತಡ ದಿನಗಳದ್ದಲ್ಲ, ತಿಂಗಳುಗಳದ್ದು. ಮನುಷ್ಯನಿಗೆ ಉಣ್ಣೆ ಕಚ್ಚಿ ಜ್ವರ ಬರಲು ಮೂರರಿಂದ ಎಂಟು ದಿನ ಸಾಕು. ಆದರೆ ಉಣ್ಣೆಯ ಮರಿ ಮಳೆಗಾಲ ಕಳೆದ ಮೇಲೆ ಕಾಡುಪ್ರಾಣಿಯ ರಕ್ತದಲ್ಲಿ ವೈರಸ್ ಹೀರಿ, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ವೈರಸ್ ಅದರ ಜೊತೆಗೇ ಹೋಗುತ್ತದೆ. ಆ ಎಳೆ ಉಣ್ಣೆಯೇ ಡಿಸೆಂಬರ್‌ನಿಂದ ಮೇ ತನಕ ಜನರಿಗೆ ಕಚ್ಚುವುದು. ಒಬ್ಬ ಮನುಷ್ಯನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಹಾಗಾಗಿ ಮನುಷ್ಯರ ಸಂಖ್ಯೆ ನೋಡಿಕೊಂಡು ಮುಂದಿನ ಸುತ್ತು ಹೇಳಲು ಬರುವುದಿಲ್ಲ. ಉಣ್ಣೆ, ಮಂಗ, ಇಲಿ, ಹವೆ, ಎಲ್ಲ ಬೇಕು.

ಆಶಾ_ಆಲೂರು
ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ, ಮುಟ್ಟಬೇಡಿ. ಕಾಡಿಗೆ ಹೋಗುವ ಮುಂಚೆ ಉಣ್ಣೆ ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಇದು ಗಣಿತ ಅಲ್ಲ, ಆದರೂ ಹೇಳಬೇಕು ಅನ್ನಿಸಿತು.

ಕೊಪ್ಪದ_ಅಡಿಕೆ
ಹೇಳಿದ್ದು ಒಳ್ಳೆಯದಾಯಿತು ಅಕ್ಕ. ಸತ್ತ ಮಂಗ ಕಂಡು ಎರಡು ದಿನ ಬಿಟ್ಟು ಹೇಳುವವರು ಈಗಲೂ ಇದ್ದಾರೆ. ಅದೂ ಒಂದು ತಡವೇ, ಕಡಿಮೆ ಮಾಡಲು ನಮ್ಮ ಕೈಯಲ್ಲಿರುವ ತಡ.

ಹೇಮಾವತಿ_ದಡ
ಇ ಸರಿಹೋಯಿತು! ಮೈನಸ್ ಇಲ್ಲ. ಸೊಳ್ಳೆಗೆ ಹದಿನೈದು ದಿನದ ತಡ, ಮನುಷ್ಯರಿಗೆ ಆರು, ರಿಪೋರ್ಟಿಗೆ ಏಳು ಕೊಟ್ಟೆ. ತುದಿ ಬಹಳ ಹಿಂದೆ ಸರಿಯಿತು, ಊರಿನ ಅಂಕಿಗೆ ಹತ್ತಿರ ಬಂದಿದೆ. ಈಗ ಒಂದು ಆಸೆ. ತಡವನ್ನು ದಿನದ ಉಷ್ಣಾಂಶದಿಂದ ತೆಗೆದರೆ? ಜೂನ್‌ಗೆ ಒಂದು, ಅಕ್ಟೋಬರ್‌ಗೆ ಒಂದು.

ಲ್ಯಾಬ್_ಸಿಸ್ಟರ್
ಹೊರಗಿನ ಉಷ್ಣಾಂಶ ಹಾಕಬೇಡಿ. ಈ ಸೊಳ್ಳೆ ಮನೆಯೊಳಗೆ, ಮಂಚದ ಕೆಳಗೆ, ನೇತು ಹಾಕಿದ ಬಟ್ಟೆಯ ಹಿಂದೆ ಕೂರುತ್ತದೆ. ಒಳಗೆ ಬೆಚ್ಚಗಿರುತ್ತದೆ.

ಗಣಿತಮೇಷ್ಟ್ರು_ಚಿಕ್ಕಮಗಳೂರು
ಸಿಸ್ಟರ್ ಹೇಳಿದ್ದು ಮುಖ್ಯ. ನಮ್ಮ ಮಳೆಗಾಲದಲ್ಲಿ ಒಳಗಿಗೂ ಹೊರಗಿಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೂ ತಡ ದಿನಗಟ್ಟಲೆ ಬದಲಾಗುತ್ತದೆ.

ಗಣಿತದಲ್ಲಿ ಒಂದು ಎಚ್ಚರಿಕೆ. ತಡ ಸ್ಥಿರವಾಗಿದ್ದಾಗ ಬರೆದ ಸಮೀಕರಣದಲ್ಲಿ ಟೌ (ತಡದ ಗುರುತು) ಜಾಗಕ್ಕೆ ಸುಮ್ನೆ ಬದಲಾಗುವ ಟೌ ಹಾಕಿದರೆ ತಪ್ಪಾಗುತ್ತದೆ. ಸೆಖೆ ಏರುತ್ತಿರುವಾಗ ತಡ ಕುಗ್ಗುತ್ತದೆ. ಆಗ ಬೇರೆ ಬೇರೆ ದಿನ ಸೋಂಕು ಹತ್ತಿದ ಸೊಳ್ಳೆಗಳು ಒಟ್ಟೊಟ್ಟಿಗೆ ಹಣ್ಣಾಗುತ್ತವೆ. ಅದಕ್ಕೆ ಆ ಪದವನ್ನು 'ಒಂದರಿಂದ ಟೌ ಬದಲಾಗುವ ದರವನ್ನು ಕಳೆದ' ಬೆಲೆಯಿಂದ ಗುಣಿಸಬೇಕು. ಇದನ್ನು ಬಿಟ್ಟರೆ ಸೊಳ್ಳೆಗಳ ಒಟ್ಟು ಲೆಕ್ಕ ತಾಳೆಯಾಗುವುದಿಲ್ಲ. ಎಕ್ಸೆಲ್‌ನಲ್ಲಿ ಮಾಡುವುದಾದರೆ ಬೇರೆ ದಾರಿ ಸುಲಭ. ದಿನಕ್ಕೊಂದು ತಂಡ ಮಾಡಿ. ಪ್ರತಿ ತಂಡಕ್ಕೂ ಅವತ್ತಿನ ಉಷ್ಣಾಂಶದ ಪ್ರಕಾರ ಹಣ್ಣಾಗುವಿಕೆಯ ಒಂದು ಪಾಲು ಸೇರಿಸುತ್ತಾ ಹೋಗಿ. 25 ಡಿಗ್ರಿಯ ದಿನ ಹದಿನೈದರಲ್ಲಿ ಒಂದು ಪಾಲು, 30 ಡಿಗ್ರಿಯ ದಿನ ಆರೂವರೆಯಲ್ಲಿ ಒಂದು ಪಾಲು. ಕೂಡಿ ಒಂದಾದ ದಿನ ಆ ತಂಡ ರೋಗ ಹಂಚಲು ಶುರು ಮಾಡುತ್ತದೆ.

ಬೇಲೂರು_ಹುಡುಗ
ಈ ತಂಡದ ಲೆಕ್ಕಕ್ಕೆ ಒಂದು ಶೀಟ್ ಮಾಡಿ ಶನಿವಾರ ಇಲ್ಲೇ ಹಾಕುತ್ತೇನೆ. ಸಿಸ್ಟರ್, ಮನೆಯೊಳಗಿನ ಉಷ್ಣಾಂಶಕ್ಕೆ ನಾನು ಊರಿನ ನಮ್ಮ ಮನೆಯಲ್ಲಿ ಒಂದು ಥರ್ಮಾಮೀಟರ್ ಇಡಿಸುತ್ತೇನೆ. ಹಾಸನದಲ್ಲಿ, ಕೊಪ್ಪದಲ್ಲಿ ಯಾರಾದರೂ ಇಡುತ್ತೀರಾ? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆದುಕೊಂಡರೆ ಸಾಕು.

ಆಶಾ_ಆಲೂರು
ಆಲೂರಿನಲ್ಲಿ ನಾನು ಬರೆಯುತ್ತೇನೆ.

ಕೊಪ್ಪದ_ಅಡಿಕೆ
ನಾನೂ. ಮಳೆಯ ಲೆಕ್ಕ ಹೇಗೂ ದಿನಾ ಬರೆಯುತ್ತೇನೆ, ಪಕ್ಕದಲ್ಲಿ ಇನ್ನೊಂದು ಕಾಲಂ.